ಯುಗಾದಿ ಲೈವ್, ಎಲ್ಲರಿಗೂ ಪ್ಯಾಂಟ್

ಹಾಡು ಮುಗಿಯಲು ಇನ್ನು ನಾಲ್ಕು ನಿಮಿಷ.

ರಘುನಾಥನ ಬಲಗೈ ಟ್ರಾನ್ಸ್‌ಮಿಟರಿನ ಮೇನ್ ಸ್ವಿಚ್ ಮೇಲಿತ್ತು. ಎಡಗೈಯಲ್ಲಿ ನನ್ನ ಮೊಬೈಲ್. ಸ್ಟುಡಿಯೋದ ಟೆಲಿಫೋನ್ ವೈರನ್ನು ಆಗಲೇ ಗೋಡೆಯಿಂದ ಕಿತ್ತು ಕಾಲಡಿ ಹಾಕಿಕೊಂಡಿದ್ದ.

"ಹಾಡು ಮುಗದ ಮ್ಯಾಲೆ ಏನ್ ಹೇಳ್ತೀಯಕ್ಕ?" ಅಂದ.

"ಯುಗಾದಿ ಶುಭಾಶಯ ಹೇಳ್ತೀನಿ."

"ಆಮ್ಯಾಲ?"

"ಆಮ್ಯಾಲ ಮುಂದಿನ ಹಾಡು."

"ಅಷ್ಟಾ ಹೇಳು. ಅದಕ್ಕಿಂತ ಒಂದು ಮಾತು ಜಾಸ್ತಿ ಬಂತು ಅಂದ್ರ ಇದನ್ನ ಎಳೀತೀನಿ. ರೇಡಿಯೋ ಬಂದ್. ನಿನ್ನ ಬಾಯೂ ಬಂದ್."

ಅವನು ನಗುತ್ತಿದ್ದ. ಹಬ್ಬಕ್ಕೆ ಹೊಸ ಬಿಳಿ ಶರ್ಟ್ ಹಾಕಿದ್ದ. ಹಣೆಗೆ ಕುಂಕುಮ ಇಟ್ಟಿದ್ದ. ಜಿಮ್‌ನಲ್ಲಿ ಬೆಳೆಸಿದ ತೋಳು ಶರ್ಟಿನ ತೋಳನ್ನು ಹರಿಯುವ ಹಾಗಿತ್ತು.

ಗಾಜಿನ ಆಚೆ ಉಜ್ಜಿನಮ್ಮ ಕಣ್ಣು ಮುಚ್ಚಿಕೊಂಡು ಬೀರಪ್ಪ ದೇವರ ಹಾಡು ಹೇಳುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ರಾಯದುರ್ಗದ ಸುತ್ತ ಹದಿನೈದು ಕಿಲೋಮೀಟರಿನಲ್ಲಿ ಹೋಳಿಗೆ ಬೇಯಿಸುತ್ತಾ ಆ ಹಾಡು ಕೇಳುತ್ತಿದ್ದ ಯಾರಿಗೂ ಏನೂ ಗೊತ್ತಿರಲಿಲ್ಲ.

ಸ್ಟೇಷನ್ನಿನಲ್ಲಿ ಗೊತ್ತಿದ್ದವರು ಮೂವರೇ. ನಾನು, ರಘುನಾಥ, ಮತ್ತೆ ಮೂಲೆಯಲ್ಲಿ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು ನಡುಗುತ್ತಿದ್ದ ಟೆಕ್ನಿಷಿಯನ್ ಸಿದ್ದರಾಮೇಶ್.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಮಂಜುಳ. 'ಕೋಟೆ ದನಿ' ಅನ್ನುವ ಸಮುದಾಯ ರೇಡಿಯೋದಲ್ಲಿ ನಿರೂಪಕಿ. ಹಳೆ ಎಣ್ಣೆ ಮಿಲ್ಲಿನ ಮಹಡಿ ಮೇಲೆ ಎರಡು ರೂಮು, ಒಂದು ವರಾಂಡ, ಒಂದು ಟವರ್, ಅಷ್ಟೇ ನಮ್ಮ ಸ್ಟೇಷನ್ನು. ಅದಕ್ಕೂ ಮೊದಲು ಒಂಬತ್ತು ವರ್ಷ ಜೀನ್ಸ್ ಹೊಲಿದವಳು. ನನ್ನ ಎಡಗೈ ತೋರುಬೆರಳಿನಲ್ಲಿ ಮಷೀನಿನ ಸೂಜಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬಂದ ಗುರುತು ಈಗಲೂ ಇದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಅದೇ ದಿನ ಶಿಫ್ಟ್ ಮುಗಿಸಿದ್ದೆ. ಕೆಲಸ ಹೋಗಿದ್ದು ಅದಕ್ಕಲ್ಲ. ಕಿಟಕಿ ತೆಗೆಯಿರಿ, ಉಸಿರು ಕಟ್ಟುತ್ತದೆ ಅಂತ ಕೇಳಿದ್ದಕ್ಕೆ.

ಆ ಫ್ಯಾಕ್ಟರಿ ಚಂದ್ರಮೋಹನ್‌ದು.

ಅವತ್ತಿನ ಯುಗಾದಿ ಲೈವ್ ಕಾರ್ಯಕ್ರಮದ ಪ್ರಾಯೋಜಕನೂ ಅದೇ ಚಂದ್ರಮೋಹನ್. ಹತ್ತರಿಂದ ಹನ್ನೆರಡರವರೆಗೆ ಎರಡು ಗಂಟೆ ಹಾಡು, ಡೊಳ್ಳು, ಫೋನ್ ಕರೆ. ಗಂಟೆಗೆ ಹತ್ತು ಸಲ ಅವನ ಹೆಸರು ಹೇಳಬೇಕು. ಹೇಳುತ್ತೇವೋ ಇಲ್ಲವೋ ಅಂತ ನೋಡಿಕೊಳ್ಳಲು ತನ್ನ ಬಲಗೈ ಬಂಟ ರಘುನಾಥನನ್ನು ಬೆಳಿಗ್ಗೆಯೇ ತಂದು ಕೂರಿಸಿದ್ದ. ನಮ್ಮ ಕಮಿಟಿಯವರು ಅವನಿಗೆ ಕುರ್ಚಿ ಕೊಟ್ಟು ಬೇವು ಬೆಲ್ಲ ಕೊಟ್ಟರು.

ಫೋನ್ ಬಂದಿದ್ದು ಉಜ್ಜಿನಮ್ಮ ಹಾಡು ಎತ್ತಿದ ಅರ್ಧ ನಿಮಿಷಕ್ಕೆ. ಕರೆಗಳನ್ನು ನಾವು ಮೊದಲು ಗಾಳಿಗೆ ಬಿಡದೆ ಮಾತಾಡಿಸುತ್ತೇವೆ. ಯಾವ ಊರು, ಯಾವ ಹಾಡು ಅಂತ ಕೇಳಿಕೊಂಡು ಆಮೇಲೆ ಬಿಡುತ್ತೇವೆ. ಹೊರಗೆ ಕೇಳದಿದ್ದರೂ ರೂಮಿನ ಸಣ್ಣ ಸ್ಪೀಕರಿನಲ್ಲಿ ಕೇಳುತ್ತದೆ.

"ಕೋಟೆ ದನಿ. ಯಾವ ಹಾಡು ಬೇಕ್ರಿ?" ಅಂದೆ.

"ಅಕ್ಕ... ಹಾಡು ಬ್ಯಾಡ ಕಣಕ್ಕ." ಹುಡುಗಿಯ ದನಿ. ಪಿಸುಮಾತು. ನಡುನಡುವೆ ಕೆಮ್ಮು. "ನಾನು ಭುವನಾ. ಮಡಕಶಿರಾ ಕಡೆಯೋಳು, ಹೇಮಾವತಿ. ಚಂದ್ರಮೋಹನ್ ಸಾರ್ ಫ್ಯಾಕ್ಟ್ರಿನಾಗಿಂದ ಮಾತಾಡ್ತಿವ್ನಿ."

"ಹಬ್ಬದ ದಿನ ಫ್ಯಾಕ್ಟ್ರಿ ಯಾಕ ತಗದಾರ?"

"ಆರ್ಡರ್ರು ಕಣಕ್ಕ. ಲಾರಿ ಲೋಡಾಗ್ಬೇಕಂತೆ. ನಾವು ಊರಿಗೋಯ್ತೀವಿ ಅಂದಿದ್ಕೆ ಬೆಳಿಗ್ಗೇನೇ ಮೆಟ್ಲು ಬಾಗ್ಲಿಗೆ ಬೀಗ ಹಾಕವ್ರೆ. ಹದಿನಾಲ್ಕು ಜನ ಇದೀವಿ, ಎರಡ್ನೇ ಮಾಡಿಲಿ. ಕೆಳಗೆ ಬ್ಲೀಚ್ ಡ್ರಮ್ಮು ಉರುಳೋಗೈತೆ. ಏನೋ ಆಸಿಡ್ಡಿಗೆ ಬಿತ್ತಂತೆ. ವಾಸನೆ ಮೇಲಕ್ ಬತ್ತಾ ಐತೆ. ಕಣ್ಣು ಬಿಡಕ್ಕಾಗ್ತಿಲ್ಲ..."

"ಕೆಳಗ ಇದ್ದೋರು?"

"ಓಡೋದ್ರು. ಬೀಗದ ಕೈ ಸೂಪರ್‌ವೈಸರ್ ಜೋಬ್ನಲ್ಲೈತೆ, ಅವ್ರು ಹಬ್ಬದೂಟಕ್ಕೆ ಮನೆಗೋದ್ರು. ನಮ್ಮ ಲಲಿತಂಗೆ ಉಬ್ಬಸ ಅಕ್ಕ. ಆಗ್ಲೇ ತುಟಿ ನೀಲಿಗಾಗೈತೆ. ಎಲ್ಲರ ಫೋನೂ ಈಸ್ಕೊಂಡವ್ರೆ. ಇದೊಂದು ಬಚ್ಚಿಟ್ಕೊಂಡಿದ್ದೆ. ಬ್ಯಾಟ್ರಿನೂ ಇಲ್ಲ. ದಿನಾ ನಿಮ್ಮ ರೇಡಿಯೋ ಕೇಳ್ತೀವಲ್ಲ, ನಿಮ್ಮ ನಂಬರ್ರು ಬಾಯಿಪಾಠ..."

ಅಷ್ಟರಲ್ಲಿ ರಘುನಾಥ ವೈರ್ ಕಿತ್ತ.

ಆಮೇಲೆ ಅವನು ಚಂದ್ರಮೋಹನ್‌ಗೆ ಫೋನ್ ಮಾಡಿದ. ಎರಡೇ ಮಾತು. "ಸರೆ ಸಾರ್. ನೇನು ಚೂಸ್ಕುಂಟಾನು." ಸರಿ ಸಾರ್, ನಾನು ನೋಡಿಕೊಳ್ಳುತ್ತೇನೆ. ಫೋನ್ ಇಟ್ಟು ನನ್ನ ಕಡೆ ತಿರುಗಿದ.

"ಒಂದು ತಾಸು ಸುಮ್ಮನಿರು. ಸೂಪರ್‌ವೈಸರ್ ಹೋಗಿ ನೋಡ್ತಾನಂತ. ಬ್ಲೀಚ್ ವಾಸನೆಗೆ ಯಾರೂ ಸಾಯಂಗಿಲ್ಲ."

"ಆ ಮಾಡ್ಯಾಗ ನಾನು ಒಂಬತ್ತು ವರ್ಷ ಇದ್ದೀನಿ ರಘು. ಕಿಟಕಿಗೆಲ್ಲಾ ಕಬ್ಬಿಣದ ಜಾಲರಿ ಬಡದಾರ. ಗಾಳಿ ಹೋಗೋ ದಾರಿ ಅಂದ್ರ ಆ ಮೆಟ್ಟಿಲು ಒಂದಾ. ವಾಸನಿ ಬರೋ ದಾರಿನೂ ಅದಾ."

"ಪೊಲೀಸರು ಬಂದ್ರ ಲಾರಿ ನಿಲ್ತೈತಿ. ಲಾರಿ ನಿಂತ್ರ ಆರ್ಡರ್ ಹೋಗ್ತೈತಿ. ನೀನು ಸುದ್ದಿ ಓದಂಗೂ ಇಲ್ಲ. ಓದಿದ್ರ ನಿಮ್ಮ ಲೈಸೆನ್ಸ್ ಹೋಗ್ತೈತಿ. ರೂಲ್ಸ್ ನನಗೂ ಗೊತ್ತು."

ಅದು ನಿಜ. ನಮ್ಮಂಥ ರೇಡಿಯೋದವರು ಸ್ವಂತ ಸುದ್ದಿ ಓದುವಂತಿಲ್ಲ. ಹಾಡು ಹಾಕಬಹುದು. ಹವಾಮಾನ ಹೇಳಬಹುದು. ಸಾಂಸ್ಕೃತಿಕ ಕಾರ್ಯಕ್ರಮ ಎಲ್ಲಿ ನಡೆಯುತ್ತದೆ ಅಂತ ಪ್ರಕಟಣೆ ಕೊಡಬಹುದು. ಹದಿನಾಲ್ಕು ಹುಡುಗಿಯರು ಬೀಗದ ಹಿಂದೆ ಉಸಿರು ಕಟ್ಟಿ ಸಾಯುತ್ತಿದ್ದಾರೆ ಅನ್ನುವುದು ಸುದ್ದಿ.

ನನಗೆ ಸಿಟ್ಟು ಬಂದಿತ್ತು. ಅವನ ಮೇಲೆ ಮಾತ್ರವಲ್ಲ. ಆ ಕಿಟಕಿ ಜಾಲರಿಯ ಮೇಲೆ, ಅದನ್ನು ಬಡಿದವರ ಮೇಲೆ, ಒಂಬತ್ತು ವರ್ಷ ಅದರ ಒಳಗೆ ತಲೆ ತಗ್ಗಿಸಿ ಹೊಲಿದ ನನ್ನ ಮೇಲೆ. ಬೆಳಿಗ್ಗೆಯಿಂದ ಆ ಮನುಷ್ಯನ ಹೆಸರನ್ನು ನಾನು ಎಂಟು ಸಲ ಹೇಳಿದ್ದೆ. ನಗುತ್ತಾ ಹೇಳಿದ್ದೆ. ಅವನ ಬೀಗದ ಹಿಂದೆ ಕೂತು ಆ ಹುಡುಗಿಯರು ಅದನ್ನು ಕೇಳಿರಬೇಕು.

ಎದ್ದು ಅವನ ಮುಖಕ್ಕೆ ಮೈಕ್ ಸ್ಟ್ಯಾಂಡ್ ಬೀಸಬಹುದಿತ್ತು. ಬೀಸಿದರೆ ಸ್ವಿಚ್ ಬೀಳುತ್ತದೆ. ಕೂಗಿದರೂ ಬೀಳುತ್ತದೆ. ಓಡಿಹೋದರೆ... ಬೀಗ ಹಾಕಿದ ಗೇಟಿನ ಮುಂದೆ ನಾನೊಬ್ಬಳೇ ನಿಂತಿರುತ್ತೇನೆ.

ಎರಡು ನಿಮಿಷ.

"ಸಿದ್ದರಾಮೇಶಣ್ಣ, ನೀರು ಕುಡೀರಿ," ಅಂದೆ. ಅವರು ನನ್ನನ್ನು ನೋಡಿದರು. ಐವತ್ತೈದು ವರ್ಷದ ಮನುಷ್ಯ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ನೀರು ಕುಡಿಯಲಿಲ್ಲ.

ಹಾಡು ಮುಗಿಯಿತು. ಉಜ್ಜಿನಮ್ಮ ಕಣ್ಣು ಬಿಟ್ಟಳು. ವರಾಂಡದಲ್ಲಿ ದೊಡ್ಡಬೀರಪ್ಪನ ಮೇಳದವರು ಡೊಳ್ಳಿಗೆ ಕೊನೆಯ ಪೆಟ್ಟು ಹಾಕಿ ನಿಲ್ಲಿಸಿದರು. ಡೊಳ್ಳು ರೂಮಿನಲ್ಲಿ ಬಾರಿಸಿದರೆ ಮೈಕ್ ಒಡೆಯುತ್ತದೆ ಅಂತ ಅವರನ್ನು ಹೊರಗೆ ಕೂರಿಸಿದ್ದೆವು.

ಮೈಕ್ ಆನ್ ಮಾಡಿದೆ. ಕೆಂಪು ಲೈಟ್ ಬಂತು. ರಘುನಾಥನ ಬೆರಳು ಸ್ವಿಚ್ಚಿನ ಮೇಲೆ ಬಿಗಿಯಾಯಿತು.

ನಾನು ನಕ್ಕೆ. ರೇಡಿಯೋದಲ್ಲಿ ನಗು ಕೇಳುತ್ತದೆ.

"ಉಜ್ಜಿನಮ್ಮಗ ಒಂದು ಚಪ್ಪಾಳಿ ಹೊಡೀರಿ. ಎಲ್ಲರಿಗೂ ಯುಗಾದಿ ಹಬ್ಬದ ಶುಭಾಶಯ. ಕೇಳುಗರೇ, ಈಗೊಂದು ಸಿಹಿ ಮಾತು. ಈ ಕಾರ್ಯಕ್ರಮ ನಡೆಸಿಕೊಡ್ತಿರೋ ನಮ್ಮ ಚಂದ್ರಮೋಹನ್ ಸಾರ್..."

ರಘುನಾಥ ತಲೆ ಆಡಿಸಿದ. ಸಾಹೇಬರ ಹೆಸರು. ಸರಿ.

"...ಈಗ ತಾನೇ ಫೋನ್ ಮಾಡಿದ್ರು. ಹಬ್ಬದ ದಿನ ರಾಯದುರ್ಗದ ಮಂದಿಗೆ ಏನಾದ್ರೂ ಉಡುಗೊರಿ ಕೊಡಬೇಕು ಅಂತ ಅವರ ಮನಸ್ಸಿಗೆ ಬಂದೈತಿ. ಬಳ್ಳಾರಿ ರೋಡಿನ ಅವರ ಫ್ಯಾಕ್ಟ್ರಿ ಗೇಟಿಗೆ ಬಂದವರಿಗೆಲ್ಲಾ, ಸಣ್ಣೋರಿಗೂ ದೊಡ್ಡೋರಿಗೂ, ಒಂದೊಂದು ಜೀನ್ಸ್ ಪ್ಯಾಂಟ್. ಹೊಸದು. ಫ್ರೀ. ಮೊದಲು ಬಂದವರಿಗೆ ಮೊದಲು. ನಮ್ಮ ಡೊಳ್ಳಿನ ಮೇಳನೂ ಈಗ ಅಲ್ಲಿಗೇ ಹೊಂಟೈತಿ. ಬರ್ರಿ. ಒಲಿ ಆರಿಸಿ ಬರ್ರಿ."

ಅದನ್ನೇ ತೆಲುಗಿನಲ್ಲೂ ಹೇಳಿದೆ. "ಅಂದರಿಕೀ ಒಕ್ಕೊಕ್ಕ ಪ್ಯಾಂಟು. ಫ್ರೀ."

ರಘುನಾಥನ ಬಾಯಿ ತೆರೆದಿತ್ತು. ಸಾಹೇಬರನ್ನು ಹೊಗಳಿದ ಮಾತು. ಎಳೆಯಬೇಕೋ ಬಿಡಬೇಕೋ ಅವನಿಗೆ ತಿಳಿಯಲಿಲ್ಲ. ಮೂರು ಸೆಕೆಂಡ್ ಹಾಗೇ ನಿಂತ.

ನನಗೆ ಬೇಕಾಗಿದ್ದು ಆ ಮೂರು ಸೆಕೆಂಡ್.

"ಉಜ್ಜಿನಮ್ಮ, ಹಾಡ್ರಿ," ಅಂದೆ ಮೈಕಿನಲ್ಲೇ. "ಪ್ಯಾಂಟಿನ ಮ್ಯಾಲೆ ಒಂದು ಪದ ಕಟ್ಟಿ ಹಾಡ್ರಿ. ನಿಲ್ಲಿಸಬ್ಯಾಡ್ರಿ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಗುಮ್ಮಘಟ್ಟದ ಕಡೆ ಕುರಿ ಹಿಂದೆ ನಡೆದು ನಲವತ್ತು ವರ್ಷ ಹಾಡಿದವಳು. ನಿಂತ ಜಾಗದಲ್ಲಿ ಪದ ಕಟ್ಟುವುದು ಅವಳಿಗೆ ಉಸಿರಾಡಿದ ಹಾಗೆ. ಕಿವಿಗೆ ಕೈ ಇಟ್ಟು ಎತ್ತಿದಳು. ಚಂದ್ರಮೋಹನನ ಗೇಟಿಗೆ ಊರೆಲ್ಲಾ ಬರ್ರೋ ಅಂತ.

ರಘುನಾಥನ ಫೋನ್ ಬಡಿದುಕೊಳ್ಳತೊಡಗಿತು. ಆ ಕಡೆಯಿಂದ ಚಂದ್ರಮೋಹನ್ ಅರಚುವುದು ನನಗೂ ಕೇಳಿಸಿತು. "ಯೆವರ್ರಾ ಪ್ಯಾಂಟ್ಸ್ ಅನ್ನದಿ?" ಯಾರೋ ಅದು ಪ್ಯಾಂಟು ಅಂದಿದ್ದು ಅಂತ.

ನಾನು ಆಗಲೇ ಬಾಗಿಲ ಹೊರಗಿದ್ದೆ.

"ಬೀರಪ್ಪಣ್ಣ, ಡೊಳ್ಳು ಎತ್ರಿ. ಮೇಳ ಫ್ಯಾಕ್ಟ್ರಿ ಮುಂದ."

ದೊಡ್ಡಬೀರಪ್ಪ ಕೂತಲ್ಲಿಂದ ಏಳಲಿಲ್ಲ. "ಯಾಕ ತಂಗಿ? ಇಲ್ಲೇ ಹನ್ನೆರಡರ ತನಕ ಅಂದಿದ್ದಿ."

"ಹದಿನಾಲ್ಕು ಹುಡುಗೇರ್ನ ಮ್ಯಾಲೆ ಹಾಕಿ ಬೀಗ ಜಡದಾರ. ಕೆಳಗ ವಿಷದ ಗಾಳಿ ಎದ್ದೈತಿ."

ಅವನು ಎದ್ದು ಡೊಳ್ಳನ್ನು ಕೊರಳಿಗೆ ಹಾಕಿಕೊಂಡ. "ಇಳೀರಲೇ," ಅಂದ ತನ್ನ ಐದು ಮಂದಿಗೆ.

ನಮ್ಮ ಮೆಟ್ಟಿಲು ಒಬ್ಬರು ಹತ್ತಿದರೆ ಇನ್ನೊಬ್ಬರು ನಿಂತು ದಾರಿ ಕೊಡಬೇಕು, ಅಷ್ಟು ಇಕ್ಕಟ್ಟು. ನಾನು ಮೊದಲು ಇಳಿದೆ. ನನ್ನ ಹಿಂದೆ ಆರು ಡೊಳ್ಳು. ಆ ಆರು ಡೊಳ್ಳಿನ ಹಿಂದೆ, ಸ್ವಿಚ್ ಬಿಟ್ಟು ನನ್ನನ್ನು ಹಿಡಿಯಲು ಓಡಿ ಬಂದ ರಘುನಾಥ.

"ಸರೀರಲೇ..."

"ಸರೀತೀವಿ ಸಾಮಿ. ಚರ್ಮ ಹರಿತೈತಿ, ನಿದಾನ," ಅಂದ ಬೀರಪ್ಪ. ಅಷ್ಟು ನಿಧಾನವಾಗಿ ಮನುಷ್ಯ ಮೆಟ್ಟಿಲಿಳಿದದ್ದನ್ನು ನಾನು ನೋಡಿಲ್ಲ.

ರಘುನಾಥ ವಾಪಸ್ ಮೇಲಕ್ಕೆ ಓಡಿದ. ಸ್ವಿಚ್ ಎಳೆಯಲು. ಸ್ಟುಡಿಯೋ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಒದ್ದ. ಗುದ್ದಿದ. ತೇಗದ ಬಾಗಿಲು. ಎಣ್ಣೆ ಮಿಲ್ಲಿನ ಕಾಲದ್ದು.

ಚಿಲಕ ಹಾಕಿದ್ದು ಸಿದ್ದರಾಮೇಶಣ್ಣ. ಆಮೇಲೆ ಕೇಳಿದರೆ "ಗಾಳಿ ಬಂದಿತ್ತೇನೋ" ಅಂದರು.

ಕೆಳಗೆ ಗುಮ್ಮಘಟ್ಟದಿಂದ ಮೇಳವನ್ನು ಕರೆತಂದ ಆಟೋ ನಿಂತಿತ್ತು. ತಿಪ್ಪೇರುದ್ರಪ್ಪನ ಆಟೋ. ಮೂರು ಮಂದಿ ಕೂರುವ ಗಾಡಿಯಲ್ಲಿ ಹದಿಮೂರು ಮಂದಿಯನ್ನು ದಿನಾ ತುಂಬಿಕೊಂಡು ಬರುವವನು. ಎಂಟು ಮಂದಿ ಅವನಿಗೆ ಲೆಕ್ಕವಲ್ಲ. ನಾಲ್ಕು ಡೊಳ್ಳು ಒಳಗೆ, ಎರಡು ಹಿಂದಕ್ಕೆ ಹಗ್ಗದಲ್ಲಿ ಕಟ್ಟಿದ.

"ಫೋನ್ ಕೊಡಪ್ಪ," ಅಂದೆ. ಓಡುವ ಆಟೋದಲ್ಲೇ ಫೈರ್ ಸ್ಟೇಷನ್ನಿಗೆ ಹಚ್ಚಿದೆ. ಗಾಡಿ ಹಳ್ಳಿಯೊಂದರಲ್ಲಿ ಬಣವೆ ಬೆಂಕಿಗೆ ಹೋಗಿತ್ತು. ಬರುತ್ತೇವೆ, ಮುಕ್ಕಾಲು ಗಂಟೆ ಅಂದರು. ಆಂಬುಲೆನ್ಸಿಗೆ ಹಚ್ಚಿದೆ. ಬರುತ್ತೇವೆ ಅಂದರು. ಪೊಲೀಸಿಗೂ ಹೇಳಿದೆ. ಎಲ್ಲರೂ ಬರುತ್ತೇವೆ ಅಂದರು. ಆ ಕೆಮ್ಮು ನನ್ನ ಕಿವಿಯಲ್ಲೇ ಇತ್ತು. ಮುಕ್ಕಾಲು ಗಂಟೆ ಅನ್ನುವ ಮಾತಿಗೆ ಅಲ್ಲಿ ಅರ್ಥವಿರಲಿಲ್ಲ.

ಹಿಂದಿನಿಂದ ಬುಲೆಟ್ ಬೈಕಿನ ಸದ್ದು.

ರಘುನಾಥ ಬಂದೇ ಬಂದ. ಬೀದಿ ತುಂಬ ಹೊಸ ಬಟ್ಟೆಯ ಮಂದಿ. ಬಾಗಿಲಿಗೆಲ್ಲಾ ಮಾವಿನ ತೋರಣ. ನಡುವೆ ಅವನ ಗಾಡಿ ಹಾರ್ನ್ ಹೊಡೆಯುತ್ತಾ ನುಗ್ಗಿತು. ಆಟೋದ ಪಕ್ಕಕ್ಕೆ ಬಂದ. ಕಾಲೆತ್ತಿ ಒದ್ದ. ಆಟೋ ಒಂದು ಕಡೆಗೆ ವಾಲಿ, ಎರಡೇ ಗಾಲಿ ಮೇಲೆ ನಾಲ್ಕು ಮಾರು ಹೋಗಿ ಮತ್ತೆ ನೆಲಕ್ಕೆ ಕೂತಿತು.

"ನಿಲ್ಲಸಲೇ ತಿಪ್ಪ," ಅಂತ ಕೂಗಿದ.

"ಬ್ರೇಕ್ ಹಿಡಿಯವಲ್ದು ಅಣ್ಣಾ," ಅಂದ ತಿಪ್ಪೇರುದ್ರಪ್ಪ. ಬ್ರೇಕ್ ಮೇಲೆ ಅವನ ಕಾಲೇ ಇರಲಿಲ್ಲ.

ರಘುನಾಥ ಹಿಂದಕ್ಕೆ ಸರಿದ. ಇನ್ನೊಂದು ಸಲ ಒದೆಯಲು. ಆ ಒದೆತ ಹಗ್ಗಕ್ಕೆ ಬಿತ್ತು. ಗಂಟು ಸಡಿಲವಾಗಿ ಒಂದು ಡೊಳ್ಳು ಹಿಂದಿನಿಂದ ಜಾರಿ ರೋಡಿಗೆ ಬಿತ್ತು. ಕುಪ್ಪಳಿಸಿ ಎದ್ದು ಅವನ ಮುಂದಿನ ಗಾಲಿಗೆ ಹೋಯಿತು.

ಬುಲೆಟ್ಟು ಒಂದು ಕಡೆ. ರಘುನಾಥ ಒಂದು ಕಡೆ. ಬಿಳಿ ಶರ್ಟಿನ ಬೆನ್ನೆಲ್ಲಾ ಕೆಂಪು ಮಣ್ಣು.

ದೊಡ್ಡಬೀರಪ್ಪ ತಲೆ ಹೊರಗೆ ಹಾಕಿ ಹಿಂದೆ ನೋಡಿದ. "ನಮ್ಮಪ್ಪನ ಕಾಲದ ಡೊಳ್ಳು," ಅಂದ. ಆಮೇಲೆ ತಲೆ ಒಳಗೆ ತೆಗೆದುಕೊಂಡ. "ಇರಲಿ. ಓಡಸು."

ಫ್ಯಾಕ್ಟರಿ ಗೇಟಿನ ಮುಂದೆ ಆಗಲೇ ಅರವತ್ತು ಎಪ್ಪತ್ತು ಮಂದಿ.

ನಾವು ಇಳಿದು ಡೊಳ್ಳು ಕೊರಳಿಗೆ ಹಾಕುವಷ್ಟರಲ್ಲಿ ನೂರೈವತ್ತು. ಬೈಕಿನಲ್ಲಿ ಮೂರು ಮೂರು ಮಂದಿ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಒಂದು ಓಣಿಗೆ ಓಣಿಯೇ ಬಂದಿತ್ತು. ಕೈಯಲ್ಲಿ ಹಿಟ್ಟು ಅಂಟಿದ ಹೆಂಗಸರು. ಒಬ್ಬಳು ಗಂಡನ ಹಳೆ ಪ್ಯಾಂಟನ್ನು ಅಳತೆಗೆ ಅಂತ ತಂದಿದ್ದಳು. ಯಾರದೋ ಜೇಬಿನ ಮೊಬೈಲ್‌ನಲ್ಲಿ ಉಜ್ಜಿನಮ್ಮ ಹಾಡುತ್ತಲೇ ಇದ್ದಳು. ಮೂವತ್ತೆರಡರ ಸೊಂಟದವರಿಗೆ ಒಂದು, ಮೂವತ್ತಾರರ ಸೊಂಟದವರಿಗೆ ಒಂದು ಅಂತ.

ಗೇಟಿನ ಒಳಗೆ ವಾಚ್‌ಮನ್ ಚಿಕ್ಕತಿಮ್ಮಯ್ಯ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ನಿಂತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಗಾಳಿ ಈ ಕಡೆ ತಿರುಗಿದಾಗ ನಮಗೂ ಬಡಿಯಿತು. ಮೂಗಿನ ಒಳಗೆ ಬ್ಲೇಡ್ ಆಡಿಸಿದ ಹಾಗೆ.

ಮೇಲೆ ನೋಡಿದೆ. ಎರಡನೇ ಮಹಡಿಯ ಜಾಲರಿಯ ಹಿಂದೆ ಕೈಗಳು. ಬಟ್ಟೆ ತುಂಡು ಬೀಸುತ್ತಿದ್ದರು. ನೀಲಿ ಡೆನಿಮ್ ತುಂಡು. ಡೊಳ್ಳಿನ ಸದ್ದು, ಜನರ ಗಲಾಟೆ. ಅವರು ಕೂಗುತ್ತಿದ್ದರೋ ಇಲ್ಲವೋ ಕೇಳಿಸಲಿಲ್ಲ.

"ಚಿಕ್ಕತಿಮ್ಮಣ್ಣ, ಗೇಟ್ ತಗೀರಿ."

"ಸಾರ್ ಹೇಳ್ದೆ ತಗ್ಯಾಂಗಿಲ್ಲಮ್ಮ." ಅವನ ದನಿ ಒಡೆದಿತ್ತು.

"ಮ್ಯಾಲಿರೋರು ನಿಮ್ಮೂರ ಕಡೇರು."

ಅವನು ಗೇಟಿನ ಚಿಲಕದ ಕಡೆ ನೋಡಿದ.

ಆಗ ಚಂದ್ರಮೋಹನ್‌ನ ಕಾರು ಬಂತು. ರೇಷ್ಮೆ ಪಂಚೆ, ಶಲ್ಯ. ಹೋಳಿಗೆಯ ಮುಂದಿನಿಂದ ಎದ್ದು ಬಂದ ಮುಖ. ಕಾರಿನಿಂದ ಇಳಿದವನನ್ನು ಜನ ನೋಡಿದರು. ಒಂದು ದೊಡ್ಡ ಹೋ ಎದ್ದಿತು. ಯಾರೋ ಅವನಿಗೆ ಜೈ ಅಂದರು. ಯಾರೋ ಹಾರ ಹಾಕಿದರು. ಹಬ್ಬದ ದಿನ ಹಾರಕ್ಕೇನು ಕಡಿಮೆ.

ಅವನು ನೇರ ನನ್ನ ಹತ್ತಿರ ಬಂದ. ತುಟಿ ನಗುತ್ತಿತ್ತು. ಹಲ್ಲಿನ ನಡುವೆ ಮಾತಾಡಿದ.

"ಏನಮ್ಮ ಇದು? ನನ್ನ ಹೆಸರಿನ ಮ್ಯಾಲೆ?"

"ಬೀಗದ ಕೈ ಕೊಡ್ರಿ."

"ಸೂಪರ್‌ವೈಸರ್ ಬರ್ತಿದ್ದಾನೆ. ಹತ್ತು ನಿಮಿಷ. ಮೊದಲು ಈ ಜನಾನ ಕಳಿಸು. ಪ್ಯಾಂಟ್ ಇಲ್ಲ ಅಂತ ಹೇಳು. ನೀನೇ ಹೇಳು."

"ನಾನು ಹೇಳಂಗಿಲ್ಲ ಸಾರ್. ನೀವಾ ಹೇಳ್ರಿ."

ಅವನು ಜನರ ಕಡೆ ತಿರುಗಿದ. ಮುನ್ನೂರು ದಾಟಿತ್ತು. ಕೈ ಎತ್ತಿದ. ಡೊಳ್ಳು ನಿಂತಿತು.

"ನೋಡ್ರಪ್ಪ... ಏನೋ ತಪ್ಪು ತಿಳುವಳಿಕೆ ಆಗೈತಿ. ಇವತ್ತು ಪ್ಯಾಂಟು ಗೀಂಟು ಏನಿಲ್ಲ..."

ಒಂದು ಕ್ಷಣ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಮೇಲಿನಿಂದ ಕೆಮ್ಮು ಕೇಳಿಸಿತು. ಒಬ್ಬರದಲ್ಲ, ಬಹಳ ಜನರದು. ಆಮೇಲೆ "ಅಣ್ಣಾ... ಅಣ್ಣಾ..." ಅನ್ನುವ ತೆಳ್ಳಗಿನ ಕೂಗು.

ಜನ ಮೇಲೆ ನೋಡಿದರು. ಮತ್ತೆ ಕೆಳಗೆ ನೋಡಿದರು. ನಾನು ಅವರ ಮುಖಗಳನ್ನೇ ನೋಡುತ್ತಿದ್ದೆ. ಕೂಗು ಅವರಿಗೆ ಕೇಳಿಸಿತ್ತು. ಆದರೆ ಯಾರ ಕಾಲೂ ಎದ್ದಿರಲಿಲ್ಲ. ಇದು ಯಾರದೋ ಫ್ಯಾಕ್ಟರಿ, ಯಾರದೋ ಊರಿನ ಹುಡುಗಿಯರು, ಪಕ್ಕದಲ್ಲಿ ರೇಷ್ಮೆ ಪಂಚೆಯ ದೊಡ್ಡ ಮನುಷ್ಯ. ಇಂಥ ಕಡೆ ಮೊದಲ ಹೆಜ್ಜೆ ಇಡಲು ಯಾರಿಗೂ ಆಗುವುದಿಲ್ಲ. ಒಂಬತ್ತು ವರ್ಷ ಆ ಜಾಲರಿ ಹಿಂದಿನಿಂದ ಇದೇ ರೋಡನ್ನು ನೋಡಿದ್ದೆ ನಾನು. ಯಾರೂ ಒಂದು ಸಲವೂ ತಲೆ ಎತ್ತಿರಲಿಲ್ಲ.

ಸಿಟ್ಟು ನೆತ್ತಿಗೇರಿತು. ಆದರೂ ಮತ್ತೆ ನಕ್ಕೆ.

"ಸಾರ್ ತಮಾಷಿ ಮಾಡ್ತಾರ್ರಿ," ಅಂತ ಕೂಗಿದೆ. "ಪ್ಯಾಂಟು ಮ್ಯಾಲೈತಿ. ಎರಡನೇ ಮಾಡಿ. ಮೂರು ಸಾವಿರ ಪೀಸು, ಪ್ಯಾಕ್ ಆಗಿ ಕುಂತೈತಿ. ಮೆಟ್ಟಿಲು ಬಾಗಿಲಿಗೆ ಬೀಗ ಐತಿ, ಅದನ್ನ ಒಡದ್ರ ಆತು. ಮೂಗಿಗೆ ಒದ್ದಿ ಬಟ್ಟಿ ಕಟ್ಟಿಕೊಳ್ರಿ."

ಆ ಗೇಟು ಮುರಿಯಲಿಲ್ಲ. ಕೀಲಿನ ಸಮೇತ ಕಳಚಿ ಬಿತ್ತು. ಚಿಕ್ಕತಿಮ್ಮಯ್ಯ ಒಳಗಿನಿಂದ ಚಿಲಕ ತೆಗೆದಿದ್ದ ಅಂತ ಆಮೇಲೆ ತಿಳಿಯಿತು. ಅವನು ತೆಗೆಯದಿದ್ದರೂ ಅದು ಬೀಳುತ್ತಿತ್ತು.

ಮುಂದೆ ದೊಡ್ಡಬೀರಪ್ಪ ಓಡಿದ. ಕಂಬಳಿಯನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತಲೆಗೆ ಹೊದ್ದುಕೊಂಡಿದ್ದ. ಹಿಂದೆ ನಾನು, ಸೆರಗು ಒದ್ದೆ ಮಾಡಿ ಮೂಗಿಗೆ ಬಿಗಿದುಕೊಂಡು. ಹಿಂದೆ ಮೂವತ್ತು ನಲವತ್ತು ಗಂಡಸರು. ಕೆಳಗಿನ ವಾಷಿಂಗ್ ಹಾಲಿನಲ್ಲಿ ಮೊಣಕಾಲಿನ ಮಟ್ಟಕ್ಕೆ ಹಳದಿ ಹೊಗೆ ಮಲಗಿತ್ತು. ಕಣ್ಣು ಮುಚ್ಚಿಕೊಂಡೇ ಮೆಟ್ಟಿಲು ಹತ್ತಿದೆ. ಎಷ್ಟು ಮೆಟ್ಟಿಲು ಅಂತ ನನ್ನ ಕಾಲಿಗೆ ಗೊತ್ತಿತ್ತು. ನಲವತ್ತೆರಡು.

ಮೇಲಿನ ಬಾಗಿಲು ಕಬ್ಬಿಣದ್ದು. ಯಾರೋ ಇಸ್ತ್ರಿ ಟೇಬಲ್ಲಿನ ಪೈಪು ಕಿತ್ತು ತಂದ. ನಾಲ್ಕು ಏಟು. ಐದನೆಯದಕ್ಕೆ ಬೀಗ ಹಾರಿತು.

ಬಾಗಿಲ ಹಿಂದೆ ಒಬ್ಬರ ಮೇಲೊಬ್ಬರು ಒರಗಿ ಬಿದ್ದಿದ್ದರು. ಬಾಗಿಲು ತೆರೆದಾಗ ಒಬ್ಬಳು ನನ್ನ ಕಾಲ ಮೇಲೆ ಉರುಳಿದಳು. ಸಣ್ಣ ಹುಡುಗಿ. ಕೈಯಲ್ಲಿ ಕೀಪ್ಯಾಡ್ ಫೋನು.

"ಭುವನಾ?"

ಅವಳು ತಲೆ ಆಡಿಸಿದಳು. ಕೈ ಎತ್ತಿ ಹಿಂದಕ್ಕೆ ತೋರಿಸಿದಳು. "ಲಲಿತಾ... ಮೊದ್ಲು ಅವ್ಳು."

ಪ್ಯಾಂಟಿಗೆ ಅಂತ ಬಂದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕ್ಷಣ ಅಷ್ಟೇ. ಆಮೇಲೆ ಯಾರೂ ಏನೂ ಹೇಳಬೇಕಾಗಲಿಲ್ಲ. ಎತ್ತಿದರು. ಹೆಗಲ ಮೇಲೆ, ಬೆನ್ನ ಮೇಲೆ, ಎರಡು ಕೈ ಕಟ್ಟಿದ ಕುರ್ಚಿ ಮೇಲೆ. ದೊಡ್ಡಬೀರಪ್ಪ ಲಲಿತಳನ್ನು ಕಂಬಳಿಯಲ್ಲಿ ಸುತ್ತಿ ಕುರಿಮರಿಯ ಹಾಗೆ ಎದೆಗೆ ಅವಚಿಕೊಂಡು ಇಳಿದ. ಹದಿನಾಲ್ಕು. ನಾನು ಎಣಿಸಿದೆ. ರೋಡಿನ ಮೇಲೆ ಮತ್ತೆ ಎಣಿಸಿದೆ. ಹದಿನಾಲ್ಕು.

ಹೆಂಗಸರು ಅವರ ಕಣ್ಣಿಗೆ ನೀರು ಸುರಿಯುತ್ತಿದ್ದರು. ಅಳತೆಯ ಪ್ಯಾಂಟು ತಂದಿದ್ದವಳು ಅದನ್ನೇ ಒದ್ದೆ ಮಾಡಿ ಒಬ್ಬಳ ಮುಖ ಒರೆಸುತ್ತಿದ್ದಳು. ಒರೆಸುತ್ತಾ ಒರೆಸುತ್ತಾ ಅಳುತ್ತಿದ್ದಳು. ಆಂಬುಲೆನ್ಸ್ ಬಂತು. ಲಲಿತಳ ಬಾಯಿಗೆ ಆಕ್ಸಿಜನ್ ಹಾಕಿದರು. ಅವಳ ಎದೆ ಒಮ್ಮೆ ಎದ್ದಿತು. ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ ಎದ್ದಿತು.

ಆಗ ನಾನು ತಿರುಗಿ ನೋಡಿದೆ.

ಫ್ಯಾಕ್ಟರಿಯ ಬಾಗಿಲಿನಿಂದ ಇಬ್ಬರು ಬರುತ್ತಿದ್ದರು. ಹೆಗಲ ಮೇಲೆ ಒಂದೊಂದು ಬಂಡಲ್. ಹೊಚ್ಚ ಹೊಸ ಜೀನ್ಸು, ಪ್ಲಾಸ್ಟಿಕ್ ಸಮೇತ. ಹುಡುಗಿಯರು ಮಲಗಿದ್ದ ಜಾಗವನ್ನು ಸುತ್ತಿಕೊಂಡು, ಕಾಲು ತಗಲದ ಹಾಗೆ ಜೋಪಾನವಾಗಿ ನಡೆದು ಹೋದರು. ಅವರ ಹಿಂದೆ ಇನ್ನೂ ನಾಲ್ವರು.

ಹೊಡೆಯಬೇಕು ಅನ್ನಿಸಿತು. ಆದರೆ ಕರೆದಿದ್ದು ನಾನೇ.

ಚಂದ್ರಮೋಹನ್ ಕಾರಿಗೆ ಒರಗಿ ನಿಂತಿದ್ದ. ಕೊರಳಲ್ಲಿ ಆ ಹಾರ ಹಾಗೇ ಇತ್ತು. "ನಿನ್ನ ಬಿಡಂಗಿಲ್ಲ," ಅಂದ.

"ಬಿಡಬ್ಯಾಡ್ರಿ," ಅಂದೆ. ಅವನ ಕೊರಳಿನ ಹಾರ ಹಿಡಿದು ಎಳೆದೆ. ದಾರ ಹರಿಯಿತು. ಮೈಕ್ ಇಲ್ಲದಿದ್ದರೂ ನನ್ನ ದನಿ ದೂರ ಹೋಗುತ್ತದೆ. "ಹದಿನಾಲ್ಕು ಹುಡುಗೇರ್ನ ಕೂಡಿ ಹಾಕಿ ಹೋಳಿಗಿ ತಿನ್ನಾಕ ಹೋದೋನು ಇವನಾ. ಮುಖ ಸರಿಯಾಗಿ ನೋಡಿಕೊಳ್ರಿ." ಜನ ನೋಡಿದರು. ಆಮೇಲೆ ಪೊಲೀಸ್ ಜೀಪು ಬಂತು, ಅವನನ್ನು ಹತ್ತಿಸಿಕೊಂಡಿತು. ಹಿಂದಿನ ಸೀಟಿನಲ್ಲಲ್ಲ. ಮುಂದಿನ ಸೀಟಿನಲ್ಲಿ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಲಲಿತಾ ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಬದುಕಿದಳು. ಇನ್ನು ಹೊಲಿಗೆ ಹಾಲಿನ ಧೂಳು ಅವಳಿಗೆ ಆಗದು ಅಂದರು ಡಾಕ್ಟರು. ಭುವನಾ ಅವಳನ್ನು ಊರಿಗೆ ಬಿಟ್ಟು ಬಂದು ಬೆಂಗಳೂರಿನ ಬೇರೆ ಗಾರ್ಮೆಂಟ್ಸಿಗೆ ಸೇರಿದಳು. ಹೋದ ಮೊದಲ ದಿನವೇ ಅಲ್ಲಿಯ ಮೆಟ್ಟಿಲು, ಬಾಗಿಲು ಎಲ್ಲ ನೋಡಿಕೊಂಡೆ ಅಕ್ಕ ಅಂತ ಫೋನ್ ಮಾಡಿದ್ದಳು. ಚಂದ್ರಮೋಹನ್‌ಗೆ ಮೂರನೇ ದಿನ ಬೇಲ್ ಸಿಕ್ಕಿತು. ರಘುನಾಥನಿಗೆ ಕೈ ಮುರಿದಿತ್ತು, ಸ್ವಿಚ್ ಹಿಡಿದ ಕೈ ಅಲ್ಲ, ಇನ್ನೊಂದು. ರೇಡಿಯೋ ಕಮಿಟಿ ನನ್ನನ್ನು ತೆಗೆಯಿತು. ಪ್ರಾಯೋಜಕರ ಹೆಸರನ್ನು ದುರುಪಯೋಗ ಮಾಡಿದ್ದಕ್ಕೆ ಅಂತ ಪತ್ರದಲ್ಲಿತ್ತು.

ಚಂದ್ರಮೋಹನ್ ನನ್ನ ಮೇಲೆ ಕಂಪ್ಲೇಂಟ್ ಕೊಟ್ಟ. ಸುಳ್ಳು ಪ್ರಕಟಣೆ, ಗಲಭೆಗೆ ಪ್ರಚೋದನೆ, ಗೇಟು ನಷ್ಟ. ವಿಚಾರಣೆಗೆ ಕರೆದರು. ಎದುರಿಗೆ ಅನಂತಪುರದಿಂದ ಬಂದ ಒಬ್ಬ ಆಫೀಸರು. ಒಳ್ಳೆಯ ಮನುಷ್ಯನ ಹಾಗೇ ಕಂಡರು. ಕುಡಿಯಲು ಟೀ ಕೊಟ್ಟರು. ಪೆನ್ನು ತೆಗೆದರು.

"ಪ್ಯಾಂಟ್ ಕೊಡೋದಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ರಿ."

"ಗೊತ್ತಿದ್ದೂ ಹೇಳಿದ್ರಿ. ಅಂದ್ರೆ ಬೇಕಂತಲೇ ಹೇಳಿದ ಸುಳ್ಳು."

"ಹೌದ್ರಿ."

"ಜನರಿಗೆ ನಿಜಾನೇ ಹೇಳಬಹುದಿತ್ತಲ್ಲಮ್ಮ."

ಟೀ ಲೋಟ ಕೆಳಗಿಟ್ಟೆ.

"ಸುಳ್ಳಿಗೆ ಐನೂರು ಮಂದಿ ಬಂದ್ರು ಸಾರ್. ನಿಜ ಹೇಳಿದ್ರ ಎಷ್ಟು ಮಂದಿ ಬರ್ತಿದ್ರು... ಅದನ್ನ ನೀವಾ ನಿಮ್ಮ ಕೈಯಾರೆ ಬರಕೊಳ್ರಿ, ನಾನು ಸೈನ್ ಮಾಡ್ತೀನಿ."

ಅವರು ಪೆನ್ನಿನ ಮುಚ್ಚಳ ಹಾಕಿದರು.